ದೊಡ್ಡವರಿಗೂ ಮಕ್ಕಳಿಗೂ ಒಂದೇ ಸ್ಟೆತಾಸ್ಕೋಪ್: ಲಿಟ್‌ಮನ್ ಕ್ಲಾಸಿಕ್ 3 ಕೊಳ್ಳುವವರಿಗೆ

ಮುಂಬೈನ ಪ್ರಿನ್ಸೆಸ್ ಸ್ಟ್ರೀಟಿನಲ್ಲೋ ಪುಣೆಯ ಸದಾಶಿವ ಪೇಟೆಯಲ್ಲೋ ಸರ್ಜಿಕಲ್ ಅಂಗಡಿಗೆ ಹೋಗಿ "ಎರಡು ಕಡೆಯ ಸ್ಟೆತಾಸ್ಕೋಪ್ ಕೊಡಿ" ಎಂದರೆ ಕೌಂಟರಿನ ಮೇಲೆ ಎರಡು ಬಗೆಯ ಸಾಮಾನು ಬರುತ್ತದೆ. ಒಂದಕ್ಕೆ ಒಂದು ಕಡೆ ಡಯಾಫ್ರಮ್, ಅಂದರೆ ಸದ್ದು ಹಿಡಿಯುವ ಚಪ್ಪಟೆ ಬಿಲ್ಲೆ, ಹಿಂದುಗಡೆ ಬಟ್ಟಲಿನಂಥ ತೆರೆದ ಬೆಲ್. ಇನ್ನೊಂದಕ್ಕೆ ಎರಡೂ ಕಡೆ ಡಯಾಫ್ರಮ್, ದೊಡ್ಡದು ವಯಸ್ಕರಿಗೆ, ಚಿಕ್ಕದು ಮಕ್ಕಳಿಗೆ. ಪೆಟ್ಟಿಗೆಯ ಮೇಲೆ ಎರಡಕ್ಕೂ "ಡ್ಯುಯಲ್ ಹೆಡ್" ಎಂದೇ ಬರೆದಿರುತ್ತದೆ. ಮಕ್ಕಳ ವಾರ್ಡಿಗೂ ಹೋಗಬೇಕಾದ ನರ್ಸಿಂಗ್ ವಿದ್ಯಾರ್ಥಿಗಳು ಮೊದಲನೆಯದನ್ನು ಕೊಂಡು, ಆರು ತಿಂಗಳ ಕೂಸಿನ ಎದೆಯ ಮೇಲೆ ದೊಡ್ಡ ಡಯಾಫ್ರಮ್ ಇಟ್ಟು ಒದ್ದಾಡುವುದು ಇದರಿಂದಲೇ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: "ದೋನ್ಹೀ ಬಾಜೂಲಾ ಡಯಾಫ್ರಮ್ ಆಹೇ ಕಾ?" ಎರಡೂ ಕಡೆ ಡಯಾಫ್ರಮ್ ಇದೆಯೇ ಎಂದು ಮರಾಠಿಯಲ್ಲಿ. ಹೌದು ಎಂದರೆ ಮುಂದಿನ ಮಾತು.

ಉಡುಪಿ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದು ಮುಂಬೈ, ಪುಣೆ, ಗೋವಾದ ಆಸ್ಪತ್ರೆಗಳಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮವರು ಬಹಳ ಜನ. ಅಜ್ಜನನ್ನೂ ಮೊಮ್ಮಗುವನ್ನೂ ಒಂದೇ ದಿನ ನೋಡಬೇಕಾದವರಿಗೆ ನಮ್ಮ ಆಯ್ಕೆ ಲಿಟ್‌ಮನ್ ಕ್ಲಾಸಿಕ್ 3. ಬ್ರ್ಯಾಂಡಿನ ಹೆಸರಿಗಾಗಿ ಅಲ್ಲ. ಅದರ ಚಿಕ್ಕ ಬದಿಯನ್ನು ರೂಪಿಸಿರುವ ರೀತಿಗಾಗಿ.

ಅಳತೆಗಳು ಹೀಗಿವೆ. ದೊಡ್ಡ ಡಯಾಫ್ರಮ್ 43 ಮಿಲಿಮೀಟರ್, ಚಿಕ್ಕದು 33 ಮಿಲಿಮೀಟರ್. ಟ್ಯೂಬ್ ಸೇರಿ ಉದ್ದ 27 ಇಂಚು, ಅಂದರೆ ಸುಮಾರು 69 ಸೆಂಟಿಮೀಟರ್. ತೂಕ ಸುಮಾರು 150 ಗ್ರಾಂ. ಚೆಸ್ಟ್‌ಪೀಸ್, ಅಂದರೆ ಎದೆಯ ಮೇಲೆ ಇಡುವ ಭಾಗ, ಸ್ಟೇನ್‌ಲೆಸ್ ಸ್ಟೀಲಿನದು. ಟ್ಯೂಬಿನಲ್ಲಿ ನೈಸರ್ಗಿಕ ರಬ್ಬರಿನ ಲ್ಯಾಟೆಕ್ಸ್ ಇಲ್ಲ, ಹಾಗಾಗಿ ಲ್ಯಾಟೆಕ್ಸ್ ಅಲರ್ಜಿ ಇರುವವರಿಗೂ ಅಡ್ಡಿಯಿಲ್ಲ.

33 ಮತ್ತು 43ರ ನಡುವಿನ ಹತ್ತು ಮಿಲಿಮೀಟರ್ ಮಗುವಿನ ಎದೆಯ ಮೇಲೆ ದೊಡ್ಡ ಅಂತರ. ಮಗುವಿನ ಪಕ್ಕೆಲುಬುಗಳ ನಡುವಿನ ಜಾಗ ಕಿರಿದು, ಎದೆಯ ಗೋಡೆ ದುಂಡಗೆ ಬಾಗಿರುತ್ತದೆ. ದೊಡ್ಡ ಡಯಾಫ್ರಮ್ ಇಟ್ಟರೆ ಅಂಚಿನ ಒಂದು ಬದಿ ಚರ್ಮ ಬಿಟ್ಟು ಮೇಲೇಳುತ್ತದೆ. ಆ ಸಂದಿಯಿಂದ ಒಳಗಿನ ಸದ್ದು ಸೋರಿಹೋಗುತ್ತದೆ, ಹೊರಗಿನ ಫ್ಯಾನ್, ಮಾತು, ಟ್ರಾಲಿಯ ಸದ್ದು ಒಳಗೆ ಬರುತ್ತದೆ. ಇದನ್ನು ಸರಿಪಡಿಸಲು ಒತ್ತಿ ಹಿಡಿದರೆ ಮಗು ಅಳುತ್ತದೆ, ಅಲ್ಲಿಗೆ ತಪಾಸಣೆ ಮುಗಿದಂತೆ. ಇನ್ನೊಂದು ತೊಂದರೆಯೂ ಇದೆ. ದೊಡ್ಡ ಡಯಾಫ್ರಮ್ ಒಟ್ಟಿಗೆ ಹೃದಯವನ್ನೂ ಶ್ವಾಸಕೋಶವನ್ನೂ ಮುಚ್ಚುವುದರಿಂದ ಯಾವ ಸದ್ದು ಎಲ್ಲಿಂದ ಬಂತು ಎಂದು ಬೇರ್ಪಡಿಸುವುದು ಕಷ್ಟ. ಚಿಕ್ಕ ಬದಿ ಮೂಳೆ ಎದ್ದು ಕಾಣುವ ಸಣಕಲು ವಯಸ್ಕರಿಗೂ, ಕುತ್ತಿಗೆಯ ಕ್ಯಾರೊಟಿಡ್ ರಕ್ತನಾಳದ ಮೇಲೆ ಇಡುವುದಕ್ಕೂ, ಬ್ಯಾಂಡೇಜಿನ ಪಕ್ಕದಲ್ಲಿ ಕೇಳುವುದಕ್ಕೂ ಅನುಕೂಲ.

ಇದರ ಎರಡೂ ಡಯಾಫ್ರಮ್‌ಗಳು ಒತ್ತಡಕ್ಕೆ ತಕ್ಕಂತೆ ಬದಲಾಗುವಂಥವು. ನಡುವಿನ ಗಟ್ಟಿ ತಟ್ಟೆಯನ್ನು ಮೆತ್ತನೆಯ ಅಂಚು ತೂಗಿ ಹಿಡಿದಿರುತ್ತದೆ. ಹಗುರವಾಗಿ ಇಟ್ಟರೆ ತಟ್ಟೆ ಸಲೀಸಾಗಿ ಕಂಪಿಸಿ ಕೆಳಸ್ವರದ ಸದ್ದುಗಳನ್ನು ಕೊಡುತ್ತದೆ: ಮೂರನೆಯ, ನಾಲ್ಕನೆಯ ಹೃದಯ ಸದ್ದು, ಮೈಟ್ರಲ್ ಕವಾಟ ಕಿರಿದಾದಾಗಿನ ಗುಡುಗುಡು. ಒತ್ತಿದರೆ ತಟ್ಟೆಯ ಚಲನೆ ಕಟ್ಟುಬೀಳುತ್ತದೆ, ಕೆಳಸ್ವರ ಅಡಗಿ ಮೇಲುಸ್ವರ ಉಳಿಯುತ್ತದೆ: ಉಸಿರಿನ ಸದ್ದು, ಉಬ್ಬಸದ ಸಿಳ್ಳೆ, ಎರಡನೆಯ ಹೃದಯ ಸದ್ದು, ಅಯೋರ್ಟಿಕ್ ಕವಾಟ ಸೋರುವ ಮರ್ಮರ್. ಬಹಳ ಜನ ಯಾವಾಗಲೂ ಗಟ್ಟಿಯಾಗಿ ಒತ್ತುತ್ತಾರೆ. ಆಗ ಇಷ್ಟು ದುಡ್ಡು ಕೊಟ್ಟು ಕೊಂಡದ್ದರ ಅರ್ಧ ಉಪಯೋಗವೇ ಸಿಗುವುದಿಲ್ಲ. ಉಪಕರಣದ ಭಾರ ಮಾತ್ರ ಚರ್ಮದ ಮೇಲೆ ಬೀಳುವಂತೆ ಇಟ್ಟು ಕೇಳಿ, ಆಮೇಲೆ ಎತ್ತದೆಯೇ ನಿಧಾನವಾಗಿ ಒತ್ತಿ ಕೇಳಿ. ಎತ್ತಿದಾಗ ಚರ್ಮದ ಮೇಲೆ ಬಿಲ್ಲೆಯ ಗುರುತು ಕಂಡರೆ ಗಟ್ಟಿ ಒತ್ತಡ ಸಾಕಷ್ಟಾಗಿದೆ.

ತೆರೆದ ಬೆಲ್ ಬೇಕೆನ್ನುವವರಿಗೂ ಇದರಲ್ಲಿ ದಾರಿಯಿದೆ, ಮತ್ತು ನಮ್ಮ ಮಟ್ಟಿಗೆ ಅದೇ ಕ್ಲಾಸಿಕ್ 3ರ ದೊಡ್ಡ ಗುಣ. ಚಿಕ್ಕ ಬದಿಯ ಡಯಾಫ್ರಮ್ ತೆಗೆದು, ಜೊತೆಗೆ ಬರುವ ಮೆತ್ತನೆಯ ಬೆಲ್ ಸ್ಲೀವ್, ಅಂದರೆ ಉಂಗುರದಂಥ ಹೊದಿಕೆ, ಹಾಕಿದರೆ ಅದು ಬೆಲ್ ಆಗುತ್ತದೆ. ಹೆಬ್ಬೆರಳಿನ ಉಗುರನ್ನು ಅಂಚಿನ ಕೆಳಗೆ ತೂರಿಸಿ ಡಯಾಫ್ರಮನ್ನು ಸುಲಿದಂತೆ ಎತ್ತಿ. ಚೂಪಾದ ಬ್ಲೇಡು, ಕತ್ತರಿ ಬೇಡ, ಗೀರು ಬಿದ್ದರೆ ಗಾಳಿ ಸೋರುತ್ತದೆ. ಅಂಚಿನ ತೋಡನ್ನು ಆಲ್ಕೊಹಾಲ್ ಸ್ವಾಬ್‌ನಿಂದ ಒರೆಸಿ ಒಣಗಲು ಬಿಡಿ. ಸ್ಲೀವಿನ ಅಂಚನ್ನು ಒಂದು ಕಡೆ ತೋಡಿಗೆ ಸೇರಿಸಿ, ಅಲ್ಲಿ ಒಂದು ಹೆಬ್ಬೆರಳು ಊರಿ, ಇನ್ನೊಂದು ಹೆಬ್ಬೆರಳನ್ನು ಸುತ್ತ ಉರುಳಿಸುತ್ತಾ ಬನ್ನಿ. ಡಯಾಫ್ರಮ್ ಮತ್ತೆ ಹಾಕುವುದೂ ಇದೇ ರೀತಿ. ಕೊನೆಗೆ ಸುತ್ತಲೂ ಬೆರಳಾಡಿಸಿದಾಗ ಎಲ್ಲಿಯೂ ಉಬ್ಬು ಸಿಗಬಾರದು. ಒಂದು ಕಡೆ ಎದ್ದಿದ್ದರೂ ಸದ್ದು ಕುಗ್ಗುತ್ತದೆ. ಕವಾಟ ಕೆಡಿಸುವ ರೂಮ್ಯಾಟಿಕ್ ಹೃದಯರೋಗದ ರೋಗಿಗಳು ಇನ್ನೂ ಬರುವ ಓಪಿಡಿಗಳಲ್ಲಿ, ಅಂದರೆ ಹೊರರೋಗಿ ವಿಭಾಗಗಳಲ್ಲಿ, ಈ ಬೆಲ್ ಬಹಳ ಉಪಯೋಗ: ರೋಗಿಯನ್ನು ಎಡಮಗ್ಗುಲಿಗೆ ತಿರುಗಿಸಿ, ಹೃದಯದ ತುದಿಯ ಮೇಲೆ ಬೆಲ್ಲನ್ನು ಹಗುರವಾಗಿ ಇಟ್ಟಾಗ ಮೈಟ್ರಲ್ ಕಿರಿತದ ಗುಡುಗು ಚೆನ್ನಾಗಿ ಸಿಗುತ್ತದೆ. ಆದರೆ ಒಂದು ಮಾತು. ಬೆಲ್ ಹಾಕಿದಷ್ಟು ಹೊತ್ತು ಮಕ್ಕಳ ಡಯಾಫ್ರಮ್ ಇರುವುದಿಲ್ಲ. ವಾರ್ಡಿನಲ್ಲಿ ಗಳಿಗೆಗೊಮ್ಮೆ ಬದಲಿಸಲು ಆಗದು. ಯಾವ ಪೋಸ್ಟಿಂಗ್‌ಗೆ ಯಾವುದು ಎಂದು ಮೊದಲೇ ನಿರ್ಧರಿಸಿಕೊಳ್ಳಬೇಕು.

"ಹೊಸದು ತಂದೆ, ಏನೂ ಕೇಳಿಸುತ್ತಿಲ್ಲ" ಎಂಬ ದೂರಿಗೆ ಕಾರಣ ಹೆಚ್ಚಿನ ಸಲ ಮುಚ್ಚಿದ ಬದಿ. ಎರಡು ಕಡೆಯ ಚೆಸ್ಟ್‌ಪೀಸಿನಲ್ಲಿ ಒಂದು ಹೊತ್ತಿಗೆ ಒಂದೇ ಬದಿ ತೆರೆದಿರುತ್ತದೆ. ಒಂದು ಕೈಯಲ್ಲಿ ಸ್ಟೆಮ್, ಅಂದರೆ ಚೆಸ್ಟ್‌ಪೀಸನ್ನು ಟ್ಯೂಬಿಗೆ ಸೇರಿಸುವ ಲೋಹದ ಕಡ್ಡಿ, ಹಿಡಿದು, ಇನ್ನೊಂದರಲ್ಲಿ ಚೆಸ್ಟ್‌ಪೀಸನ್ನು ಅರ್ಧ ಸುತ್ತು ತಿರುಗಿಸಿದರೆ "ಟಕ್" ಎಂದು ಕೂರುತ್ತದೆ. ಸ್ಟೆಮ್ ಮೇಲಿನ ಗುರುತು ಯಾವ ಬದಿ ತೆರೆದಿದೆ ಎಂದು ತೋರಿಸುತ್ತದೆ. ಕಿವಿಗೆ ಹಾಕಿಕೊಂಡ ಮೇಲೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟಿ ನೋಡಿ. ಜೋರಾಗಿ ತಟ್ಟಿದರೆ, ಊದಿದರೆ ಕಿವಿಗೆ ನೋವು. ತಿರುಗಿಸಿದ್ದು ಪೂರ್ತಿ ಕೂರದೆ ನಡುವೆ ನಿಂತರೆ ಎರಡೂ ಕಡೆಯ ಸದ್ದು ಸಪ್ಪೆ. ಅಗ್ಗದ ಮಾದರಿಗಳಲ್ಲಿ ಈ ಕೀಲೇ ಮೊದಲು ಸಡಿಲವಾಗುವುದು: ಮಗುವಿನ ಎದೆಯ ಮೇಲೆ ಇಟ್ಟಿರುವಾಗಲೇ ತಾನಾಗಿ ಜಾರುತ್ತದೆ. ಕೊಳ್ಳುವಾಗ ಹತ್ತಿಪ್ಪತ್ತು ಸಲ ತಿರುಗಿಸಿ ನೋಡಿ, ಅಂಗಡಿಯವರು ಮುಖ ಗಂಟಿಕ್ಕಿದರೂ ಪರವಾಗಿಲ್ಲ.

ಕಿವಿಯೊಳಗೆ ಕೂರುವ ತುದಿ, ಅಂದರೆ ಇಯರ್‌ಟಿಪ್, ಮುಂದಕ್ಕೆ, ಮೂಗಿನ ದಿಕ್ಕಿಗೆ ಬಾಗಿರಬೇಕು. ಕಿವಿಯ ಕಾಲುವೆ ಹಾಗೇ ಇರುವುದರಿಂದ ಉಲ್ಟಾ ಹಾಕಿದರೆ ರಂಧ್ರ ಕಿವಿಯ ಗೋಡೆಗೆ ಒತ್ತಿ ಸದ್ದು ಮುಚ್ಚಿಹೋಗುತ್ತದೆ. ಹಾಕಿಕೊಂಡಾಗ ಸುತ್ತಲಿನ ಮಾತು ತಗ್ಗಬೇಕು. ತಗ್ಗದಿದ್ದರೆ ಟಿಪ್ಪಿನ ಅಳತೆ ಬದಲಿಸಿ. ಹೆಡ್‌ಸೆಟ್ ತಲೆಯನ್ನು ಹಿಂಡುತ್ತಿದ್ದರೆ ಕಿವಿಯ ಹತ್ತಿರದ ಬಾಗಿನಲ್ಲಿ ಎರಡೂ ಕೊಳವೆ ಹಿಡಿದು ನಿಧಾನವಾಗಿ ಅಗಲಿಸಿ. ಸಡಿಲವಾಗಿದ್ದರೆ ಲೋಹದ ಕೊಳವೆಗಳು ಟ್ಯೂಬಿಗೆ ಸೇರುವ ಜಾಗದಲ್ಲಿ ಒಂದೇ ಕೈಯಲ್ಲಿ ಹಿಸುಕಿ.

ಉಳಿದವುಗಳ ಪೈಕಿ ಲಿಟ್‌ಮನ್‌ನದೇ ಕಾರ್ಡಿಯಾಲಜಿ 4ರಲ್ಲೂ 43 ಮತ್ತು 33ರ ಎರಡು ಡಯಾಫ್ರಮ್, ಅದೇ ಬೆಲ್ ಬದಲಾವಣೆ. ಒಂದೇ ಟ್ಯೂಬಿನೊಳಗೆ ಎರಡು ದಾರಿ ಇದ್ದು ಸದ್ದು ಇನ್ನೂ ಸ್ಪಷ್ಟ, 27 ಇಂಚಿನದು 177 ಗ್ರಾಂ ತೂಗುತ್ತದೆ. ಹೃದ್ರೋಗ, ಐಸಿಯು ಕಡೆ ಹೋಗುವವರು ಕೊಳ್ಳಲಿ. ಮೊದಲ ವರ್ಷದ ವಿದ್ಯಾರ್ಥಿಗೆ ಆ ಬೆಲೆ ಕೊಡುವ ಅಗತ್ಯ ನಮಗೆ ಕಾಣುವುದಿಲ್ಲ. ಲೈಟ್‌ವೇಟ್ 2 ಬಿಪಿ ನೋಡಲು ಚೆನ್ನ, ಹಗುರ, ಅಗ್ಗ. ಆದರೆ ಅದರ ಹಿಂಬದಿ ತೆರೆದ ಬೆಲ್, ಮಕ್ಕಳ ಡಯಾಫ್ರಮ್ ಅಲ್ಲ. ಸ್ಪ್ರೇಗ್ ರ್‍ಯಾಪಪೋರ್ಟ್ ಮಾದರಿಯಲ್ಲಿ ಎರಡು ಡಯಾಫ್ರಮ್, ಮೂರು ಅಳತೆಯ ಬೆಲ್, ಕಡಿಮೆ ದುಡ್ಡಿಗೆ ಎಲ್ಲವೂ ಸಿಗುತ್ತದೆ. ಅದರ ಭಾರ, ಒಂದಕ್ಕೊಂದು ಉಜ್ಜಿ ಗೊರಗೊರ ಎನ್ನುವ ಎರಡು ಟ್ಯೂಬುಗಳು, ಕಳೆದುಹೋಗುವ ತಿರುಪಿನ ಬಿಡಿಭಾಗಗಳನ್ನು ಸಹಿಸುವವರಿಗೆ ಅದು ಕೆಟ್ಟ ಆಯ್ಕೆಯಲ್ಲ. ಟ್ಯೂಬುಗಳ ನಡುವೆ ಕ್ಲಿಪ್ ಹಾಕಿದರೆ ಉಜ್ಜುವ ಸದ್ದು ತಗ್ಗುತ್ತದೆ.

ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅಂದರೆ ಎನ್‌ಐಸಿಯುನಲ್ಲಿ, ದುಡಿಯುವವರಿಗೆ ಮಾತ್ರ ಕ್ಲಾಸಿಕ್ 3 ಬೇಡ ಎನ್ನುತ್ತೇವೆ. ಹೊಸದಾಗಿ ಹುಟ್ಟಿದ, ಅದರಲ್ಲೂ ತಿಂಗಳು ತುಂಬದೆ ಹುಟ್ಟಿದ ಕೂಸಿಗೆ 33 ಮಿಲಿಮೀಟರೂ ದೊಡ್ಡದೇ. ಅಲ್ಲಿಗೆ ಕ್ಲಾಸಿಕ್ 2 ಇನ್‌ಫಂಟ್ ಸರಿ, ಅದರ ಡಯಾಫ್ರಮ್ ಸುಮಾರು 27 ಮಿಲಿಮೀಟರ್, ಬೆಲ್ 19.

ನಕಲಿ ಮಾಲಿನ ಬಗ್ಗೆ ಎಚ್ಚರ ಇರಲಿ. ಚೆಸ್ಟ್‌ಪೀಸಿನ ಮೇಲೆ ಕೊರೆದ ಸೀರಿಯಲ್ ನಂಬರ್ ಇದೆಯೇ, ಅಂಚು ನುಣುಪಾಗಿದೆಯೇ, ಟ್ಯೂಬಿನಿಂದ ಖಾರವಾದ ಪ್ಲಾಸ್ಟಿಕ್ ವಾಸನೆ ಬರುತ್ತಿದೆಯೇ ನೋಡಿ. ಪೆಟ್ಟಿಗೆಯ ಮೇಲಿನ ಕಂಪನಿಯ ಹೆಸರು ಬೇರೆಯಾಗಿದ್ದರೆ ಅಷ್ಟಕ್ಕೇ ನಕಲಿ ಎನ್ನಬೇಡಿ: ಲಿಟ್‌ಮನ್ 1967ರಿಂದ 3ಎಂ ಕೈಯಲ್ಲಿತ್ತು, 2024ರಲ್ಲಿ 3ಎಂನ ಆರೋಗ್ಯ ವಿಭಾಗ ಸಾಲ್ವೆಂಟಮ್ ಎಂಬ ಬೇರೆ ಕಂಪನಿಯಾಯಿತು. ಹಳೆ ಸ್ಟಾಕಿನಲ್ಲಿ ಒಂದು, ಹೊಸದರಲ್ಲಿ ಇನ್ನೊಂದು ಹೆಸರು ಸಹಜ. ಬಿಲ್ ಮತ್ತು ವಾರಂಟಿ ಎರಡನ್ನೂ ಕೇಳಿ ಪಡೆಯಿರಿ. ಬಿಲ್ ಇಲ್ಲದೆ ಬಹಳ ಅಗ್ಗಕ್ಕೆ ಕೊಡುತ್ತೇನೆ ಎಂದರೆ ಕೊಳ್ಳಬೇಡಿ.

ಅಂಗಡಿಯಲ್ಲಿ ಪರೀಕ್ಷಿಸುವಾಗ ರಸ್ತೆಯ ಗದ್ದಲ ಇದ್ದರೆ ಒಳ್ಳೆಯದೇ, ವಾರ್ಡೂ ಹಾಗೇ ಇರುತ್ತದೆ. ನಿಮ್ಮದೇ ಎದೆಯ ಮೇಲೆ ಹಗುರವಾಗಿ ಇಟ್ಟು, ಒತ್ತಿ ಸದ್ದಿನ ವ್ಯತ್ಯಾಸ ಕೇಳಿ. ವ್ಯತ್ಯಾಸವೇ ತಿಳಿಯದಿದ್ದರೆ ಬೇರೆ ಪೀಸ್ ಕೇಳಿ. ಆಮೇಲೆ ಚಿಕ್ಕ ಬದಿಗೆ ತಿರುಗಿಸಿ ಅದನ್ನೇ ಮಾಡಿ. ಚಿಕ್ಕ ಬದಿಯ ಸದ್ದು ಸ್ವಲ್ಪ ಸಣ್ಣದಾಗಿರುವುದು ಸರಿ, ಮಸುಕಾಗಿರುವುದು ಸರಿಯಲ್ಲ.

ಮಗುವಿನ ತಪಾಸಣೆಯಲ್ಲಿ ಉಪಕರಣದಷ್ಟೇ ಕ್ರಮವೂ ಮುಖ್ಯ. ಡಯಾಫ್ರಮನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳಿ. ಮಗು ತಾಯಿಯ ತೊಡೆಯ ಮೇಲೇ ಇರಲಿ. ಅಳುವ ಮೊದಲೇ ಹೃದಯ, ಆಮೇಲೆ ಶ್ವಾಸಕೋಶ ಕೇಳಿ, ಕಿವಿ ಗಂಟಲು ಕೊನೆಗೆ. ಹೃದಯದ ತುದಿ ವಯಸ್ಕರಲ್ಲಿ ಎಡಗಡೆ ಐದನೆಯ ಪಕ್ಕೆಲುಬು ಸಂದಿಯಲ್ಲಿ ಸಿಕ್ಕರೆ, ಏಳು ವರ್ಷದೊಳಗಿನ ಮಕ್ಕಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ, ಸ್ವಲ್ಪ ಹೊರಗಡೆಗೆ. ಕೂಸಿನ ಎದೆಬಡಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ, ಹದಿನೈದು ಸೆಕೆಂಡಿನ ಲೆಕ್ಕ ಬೇಡ. ಉಸಿರನ್ನು ಕಣ್ಣಿನಿಂದಲೂ ಎಣಿಸಿ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗೆ ನಿಮಿಷಕ್ಕೆ 60, ಎರಡರಿಂದ ಹನ್ನೊಂದು ತಿಂಗಳಿಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚಿದ್ದರೆ ಅದು ವೇಗದ ಉಸಿರು. ಅಂಗಿಯ ಮೇಲಿನಿಂದ ಕೇಳಬೇಡಿ, ಬಟ್ಟೆ ಉಜ್ಜುವ ಸದ್ದು ಕಫದ ಚಟಪಟ ಸದ್ದಿನಂತೆಯೇ ಕೇಳಿಸುತ್ತದೆ. ಎದೆಯ ಕೂದಲೂ ಹಾಗೆಯೇ ಮೋಸ ಮಾಡುತ್ತದೆ, ಅಲ್ಲಿ ಸ್ವಲ್ಪ ನೀರು ಸವರಿ. ಮಗುವಿನ ಬಿಪಿ ನೋಡುವಾಗ ಚಿಕ್ಕ ಬದಿ ಮೊಣಕೈಯ ಒಳಮಡಿಕೆಯಲ್ಲಿ ಸರಿಯಾಗಿ ಕೂರುತ್ತದೆ, ಅದನ್ನು ತೋಳಿಗೆ ಸುತ್ತುವ ಪಟ್ಟಿಯ ಕೆಳಗೆ ತುರುಕಬೇಡಿ.

ನಮ್ಮ ಕಡಲತೀರದ ಹವೆಯಲ್ಲಿ ಟ್ಯೂಬೇ ಮೊದಲು ಸೋಲುವುದು. ಬೆವರು ಮತ್ತು ಚರ್ಮದ ಎಣ್ಣೆ ಸೇರಿ ಟ್ಯೂಬಿನ ಪಿವಿಸಿ ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತವೆ, ಆಮೇಲೆ ಬಿರುಕು. ಬರಿ ಕುತ್ತಿಗೆಯ ಮೇಲೆ ಹಾಕದೆ ಕಾಲರಿನ ಮೇಲೆ ಹಾಕಿ. ಲೋಕಲ್ ಟ್ರೇನಿನ ನೂಕುನುಗ್ಗಲಿಗೆ ಬ್ಯಾಗಿನಲ್ಲಿ ಮಡಚಿ ತುರುಕುವುದಕ್ಕಿಂತ ಗಟ್ಟಿ ಡಬ್ಬಿ ಮೇಲು. ಮುಚ್ಚಿದ ಕಾರಿನ ಬಿಸಿಲಲ್ಲಿ ಬಿಡಬೇಡಿ. ಪ್ರತಿ ರೋಗಿಯ ನಂತರ 70 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಸೇರಿಸಿರುವ ಬೇರೆ ಪದಾರ್ಥಗಳು ಟ್ಯೂಬಿಗೆ ಒಳ್ಳೆಯದಲ್ಲ. ನೀರಲ್ಲಿ ಮುಳುಗಿಸುವುದು, ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ಗೆ ಹಾಕುವುದು ಎರಡೂ ನಿಷಿದ್ಧ. ಸದ್ದು ದಿನದಿನಕ್ಕೆ ಕುಗ್ಗುತ್ತಿದ್ದರೆ ಇಯರ್‌ಟಿಪ್ ಕಳಚಿ ರಂಧ್ರ ನೋಡಿ, ಕಿವಿಯ ಗುಗ್ಗೆಯೋ ಜೇಬಿನ ನೂಲಿನ ಎಳೆಯೋ ಕೂತಿರುತ್ತದೆ. ಅಲ್ಲೂ ಇಲ್ಲವಾದರೆ ಡಯಾಫ್ರಮಿನ ಅಂಚು ನೋಡಿ. ಇಯರ್‌ಟಿಪ್ ಮತ್ತು ಡಯಾಫ್ರಮಿನ ಬಿಡಿಭಾಗಗಳ ಕಿಟ್ ಪ್ರತ್ಯೇಕವಾಗಿ ಸಿಗುತ್ತದೆ. ಮಾದರಿಯ ಹೆಸರು ಹೇಳಿಯೇ ಕೊಳ್ಳಿ, ಕ್ಲಾಸಿಕ್ 2ರ ಡಯಾಫ್ರಮ್ 3ಕ್ಕೆ ಕೂರುವುದಿಲ್ಲ.