ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಕುಡಿತ ಬಿಡಿಸುವ ಪುಡಿ ತರಿಸಬೇಡಿ

‘ಕುಡಿಯುವವರಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ, ಕುಡಿತ ತಾನಾಗೇ ಬಿಟ್ಟುಹೋಗುತ್ತದೆ’ ಅಂತ ಮೊಬೈಲಿನಲ್ಲಿ ಜಾಹೀರಾತು ಬರುತ್ತದಲ್ಲ, ಆ ನಂಬರಿಗೆ ಫೋನ್ ಮಾಡುವ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರು ಮೊದಲು ಇದನ್ನು ಓದಿ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಸ್ವಲ್ಪ ಅಡಿಕೆ ತೋಟ ಇದೆ. ಮಗನಿಗೆ ಮೂವತ್ತು ದಾಟಿದೆ. ಬೆಂಗಳೂರಿನ ಕೆಲಸ ಹೋಗಿ ಊರಿಗೆ ಬಂದವನು ಕುಡಿತಕ್ಕೆ ಬಿದ್ದ. ಅಟ್ಟದ ಮೇಲಿನ ಅಡಿಕೆ ಚೀಲ ಹಗುರಾಗುವುದು, ಪೇಟೆಯಲ್ಲಿ ಸಾಲ, ರಾತ್ರಿ ಕೂಗಾಟ. ಇಂಥ ಮನೆಯಲ್ಲಿ ಇರುವವರಿಗೆ ಜಾಸ್ತಿ ಹೇಳಬೇಕಾಗಿಲ್ಲ. ಬೆಳೆದ ಮಗನಿಗೆ ಹೊಡೆಯುವ ಹಾಗಿಲ್ಲ, ಮನೆಯಿಂದ ಹೊರಗೆ ಹಾಕಲು ಮನಸ್ಸು ಬರುವುದಿಲ್ಲ. ಮದುವೆ, ಉಪನಯನಕ್ಕೆ ಹೋದರೆ ‘ಮಾಣಿ ಈಗ ಎಂತ ಮಾಡ್ತಾ ಇದ್ದ?’ ಅಂತ ಕೇಳುತ್ತಾರೆ. ಹಾಗಾಗಿ ಹೋಗುವುದನ್ನೇ ಬಿಟ್ಟಿದ್ದೆವು.

ಪುಡಿ ಮಾರುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಫೋನಿನಲ್ಲಿ ಮಾತಾಡಿದ ಹುಡುಗಿ ಎಷ್ಟು ನಯವಾಗಿ ಮಾತಾಡಿದಳು ಅಂದರೆ, ಅಷ್ಟು ಸಮಾಧಾನದ ಮಾತು ನಮಗೆ ನೆಂಟರಿಂದಲೂ ಸಿಕ್ಕಿರಲಿಲ್ಲ. ‘ಅಡುಗೆ ಮಾಡೋದು ಯಾರಮ್ಮಾ? ಮಗ ಮನೇಲೇ ಊಟ ಮಾಡ್ತಾರಾ?’ ಅಂತ ಕೇಳಿದಳು. ಲಿವರ್ ಹೇಗಿದೆ, ಬಿಪಿ ಇದೆಯಾ, ಬೇರೆ ಮಾತ್ರೆ ತಗೊಳ್ತಾರಾ ಅಂತ ಒಂದು ಮಾತೂ ಕೇಳಲಿಲ್ಲ. ಪೂರ್ತಿ ಆಯುರ್ವೇದ, ಸೈಡ್ ಎಫೆಕ್ಟ್ ಇಲ್ಲವೇ ಇಲ್ಲ ಅಂದಳು. ‘ಕೈ ನಡುಗಿದರೆ ಹೆದರಬೇಡಿ, ಒಳಗಿನ ವಿಷ ಹೊರಗೆ ಹೋಗ್ತಿದೆ ಅಂತ ಅರ್ಥ.’

ಪಾರ್ಸೆಲ್ ಬಂತು. 3,500 ರೂಪಾಯಿ ಕೊಟ್ಟು ಬಿಡಿಸಿಕೊಂಡೆವು. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ಹಸಿರು ಎಲೆಯ ಚಿತ್ರ. ಒಳಗೆ ಏನೇನಿದೆ ಅನ್ನುವ ಪಟ್ಟಿ ಇಲ್ಲ, ಬ್ಯಾಚ್ ನಂಬರ್ ಇಲ್ಲ, ತಯಾರಿಕೆಯ ಲೈಸೆನ್ಸ್ ನಂಬರ್ ಇಲ್ಲ. ನಿಜವಾದ ಆಯುರ್ವೇದ ಔಷಧಿಯ ಡಬ್ಬಿ ಮೇಲೂ ಇವೆಲ್ಲ ಇರಲೇಬೇಕು. ಪುಡಿ ಸ್ವಲ್ಪ ಕಹಿ. ತೆಳ್ಳೇವಿಗೆ (ತೆಳು ದೋಸೆಗೆ) ಹಾಕುವ ಜೋನಿಬೆಲ್ಲದಲ್ಲಿ ಕಲಸಿ ಕೊಟ್ಟೆವು, ಅವನಿಗೆ ಗೊತ್ತೇ ಆಗಲಿಲ್ಲ.

ಅವತ್ತು ಸಂಜೆ ಮಗ ಎಂದಿನಂತೆ ಕುಡಿದು ಬಂದ. ಜಗುಲಿ ಹತ್ತುವಾಗಲೇ ಮುಖ, ಕಿವಿ, ಕುತ್ತಿಗೆ ಎಲ್ಲ ಕೆಂಪು. ತಲೆ ಸಿಡಿಯುತ್ತಿದೆ ಅಂದ, ವಾಂತಿ ಶುರುವಾಯಿತು. ಅಂಗಿಯ ಗುಂಡಿ ಕಿತ್ತುಕೊಂಡು ಎದೆ ಹಿಡಿದು ಕೂತ. ‘ಉಸಿರು ಸಿಕ್ತಾ ಇಲ್ಲೆ ಆಯಿ’ ಅಂದ. ಪಕ್ಕದ ಮನೆಯವರ ಓಮ್ನಿಯಲ್ಲಿ ಪೇಟೆಯ ಆಸ್ಪತ್ರೆಗೆ ಓಡಿದೆವು. ಬಿಪಿ ಪೂರ್ತಿ ಬಿದ್ದುಹೋಗಿತ್ತು. ಡಾಕ್ಟರು ಮೊದಲು ಕೇಳಿದ್ದೇ ‘ಏನು ಕೊಟ್ಟಿದ್ದೀರಿ?’ ಅಂತ.

ಡಬ್ಬಿಯಲ್ಲಿ ಏನಿದೆ ಅಂತ ಲ್ಯಾಬಿಗೆ ಕಳಿಸದೆ ಹೇಳಲು ಆಗುವುದಿಲ್ಲ, ಆದರೆ ಲಕ್ಷಣ ಎಲ್ಲ ಡೈಸಲ್ಫಿರಾಮ್ ಎಂಬ ಔಷಧಿ ತಿಂದು ಕುಡಿದವರ ಹಾಗೇ ಇದೆ ಅಂದರು ಅವರು. ಹೊಟ್ಟೆಗೆ ಹೋದ ಹೆಂಡವನ್ನು ಲಿವರ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಒಡೆಯುತ್ತದೆ, ಆಮೇಲೆ ಅದನ್ನೂ ಒಡೆದು ಹೊರಗೆ ಹಾಕುತ್ತದೆ. ಈ ಔಷಧಿ ಎರಡನೇ ಕೆಲಸಕ್ಕೆ ತಡೆ ಹಾಕುತ್ತದೆ. ವಿಷ ರಕ್ತದಲ್ಲೇ ಉಳಿಯುತ್ತದೆ. ಜೋರಾದರೆ ಹೃದಯವೇ ನಿಲ್ಲಬಹುದು. ಮನೋವೈದ್ಯರು ಇದೇ ಔಷಧಿಯನ್ನು ಬಳಸುತ್ತಾರೆ. ಆದರೆ ಲಿವರ್ ಪರೀಕ್ಷೆ ಮಾಡಿಸಿ, ರೋಗಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲೆ ಮಾತ್ರ.

ಆಸ್ಪತ್ರೆಯಲ್ಲಿ ಇರುವಾಗಲೇ ಆ ಹುಡುಗಿಯ ಫೋನ್ ಬಂತು. ಹೀಗಾಗಿದೆ ಅಂತ ಮನೆಯವರು ಹೇಳಿದರೆ ‘ಔಷಧಿ ಹಿಡಿದಿದೆ ಸರ್, ಕೋರ್ಸ್ ನಿಲ್ಲಿಸಬೇಡಿ, ಎರಡನೇ ಡಬ್ಬಿ ಕಳಿಸ್ತೀವಿ’ ಅಂದಳು!

ಮಗ ಉಳಿದ. ಆದರೆ ವಿಷಯ ತಿಳಿದ ಮೇಲೆ ಮನೆಯ ಊಟ ಬಿಟ್ಟ. ತಾನೇ ಬೇರೆ ಪಾತ್ರೆಯಲ್ಲಿ ಗಂಜಿ ಬೇಯಿಸಿಕೊಳ್ಳುತ್ತಿದ್ದ. ಚಹಾ ಕೊಟ್ಟರೆ ಲೋಟ ಹಿಡಿದು ಮೂಸುತ್ತಿದ್ದ. ‘ನೀ ಮೊದ್ಲು ಕುಡಿ’ ಅಂದ ಒಂದು ಸಲ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನೂ ನಂಬಲಿಲ್ಲ. ಸರಿಯಾದ ಚಿಕಿತ್ಸೆ ಶುರುವಾಗಲು ಎಷ್ಟೋ ಕಾಲ ತಡವಾಗಿದ್ದು ಇದರಿಂದಲೇ. ದುಡ್ಡು ಹೋಗಿದ್ದು ಅದರ ಮುಂದೆ ಏನೂ ಅಲ್ಲ.

ಕೈ ನಡುಗುವ ಬಗ್ಗೆ ಆ ಫೋನಿನ ಹುಡುಗಿ ಹೇಳಿದ್ದು ಇನ್ನೂ ದೊಡ್ಡ ಸುಳ್ಳು. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಾಣುವುದು, ದಿಕ್ಕು ತಪ್ಪಿ ಮಾತಾಡುವುದು ಶುರುವಾಗಬಹುದು. ಅದರಿಂದ ಜೀವವೂ ಹೋಗಬಹುದು. ನಡುಕ, ಬೆವರು ಕಂಡರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಗ ಬರಲು ಒಪ್ಪದಿದ್ದರೆ ನೀವೇ ಹೋಗಿ. ಇದು ನಮಗೆ ಯಾರೂ ಹೇಳಿರಲಿಲ್ಲ. ಮನೋವೈದ್ಯರು ಅಪ್ಪ ಅಮ್ಮನ ಜೊತೆಗೂ ಕೂತು ಮಾತಾಡುತ್ತಾರೆ. ನಮ್ಮ ಕಡೆಯವರು ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗುತ್ತಾರೆ, ಕರಾವಳಿಯವರಿಗೆ ಕಾರವಾರದ ಜಿಲ್ಲಾ ಆಸ್ಪತ್ರೆ ಇದೆ. ಅಷ್ಟು ದೂರ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನವಿಡೀ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಕುಡಿದು ಬಂದಾಗ ವಾದ ಮಾಡಬೇಡಿ, ಸಾಲ ತೀರಿಸಬೇಡಿ, ಕೈಗೆ ನಗದು ಕೊಡಬೇಡಿ, ಊಟ ಮಾತ್ರ ಯಾವತ್ತೂ ನಿಲ್ಲಿಸಬೇಡಿ ಅಂತ ಮನೋವೈದ್ಯರು ನಮಗೆ ಹೇಳಿದರು. ಸಾಲದ ವಿಷಯದಲ್ಲಿ ಗಟ್ಟಿಯಾಗಿರುವುದೇ ಎಲ್ಲಕ್ಕಿಂತ ಕಷ್ಟ. ಅಂಗಡಿಯವರು ಮನೆ ಬಾಗಿಲಿಗೇ ಬರುತ್ತಾರೆ ನೋಡಿ.

ಡಬ್ಬಿ ಈಗಾಗಲೇ ಬಂದಿದ್ದರೆ ಬಿಸಾಕಬೇಡಿ. ಅದನ್ನು, ಪಾರ್ಸೆಲ್ ಚೀಟಿಯನ್ನು ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಊಟದಲ್ಲಿ ಪುಡಿ ಹಾಕಿಬಿಟ್ಟಿದ್ದರೆ ಅದನ್ನು ತಿಂದವರಿಗೆ ಇವತ್ತೇ ಹೇಳಿಬಿಡಿ. ಬೈದರೆ ಬೈಯಲಿ. ಡೈಸಲ್ಫಿರಾಮ್ ಇದ್ದರೆ ಕೊನೆಯ ಸಲ ತಿಂದ ಮೇಲೂ ಎರಡು ವಾರದ ತನಕ ಅದರ ಪ್ರಭಾವ ಉಳಿಯಬಹುದು. ಅಷ್ಟು ದಿನ ಹೆಂಡ ಮುಟ್ಟಬಾರದು, ಹೆಂಡದ ಅಂಶ ಇರುವ ಕೆಮ್ಮಿನ ಸಿರಪ್ ಕೂಡ ಕುಡಿಯಬಾರದು ಅನ್ನುವುದು ಅವರಿಗೆ ಗೊತ್ತಿರಬೇಕು.