ಲಿವರ್‌ಪೂಲ್‌ನ ‘ದ ರೀಡರ್’ ಓದುಕೂಟ: ಕೇಳಿದ ಕಥೆ ಮನಸ್ಸಿನೊಳಗೆ ಮಾಡುವ ಕೆಲಸ

ಲಿವರ್‌ಪೂಲ್ ನಗರದ ಕಾಲ್ಡರ್‌ಸ್ಟೋನ್ಸ್ ಉದ್ಯಾನದಲ್ಲಿ ಹತ್ತೊಂಬತ್ತನೆಯ ಶತಮಾನದ ದೊಡ್ಡದೊಂದು ಬಂಗಲೆಯಿದೆ. ಜೀರ್ಣೋದ್ಧಾರವಾಗಿ 2019ರಲ್ಲಿ ಮತ್ತೆ ಬಾಗಿಲು ತೆರೆದ ಈ ಕಟ್ಟಡವೇ ‘ದ ರೀಡರ್’ ಎಂಬ ಸೇವಾಸಂಸ್ಥೆಯ ನೆಲೆ. ಸಂಸ್ಥೆಯು ಇಲ್ಲಿಯೂ ಗ್ರಂಥಾಲಯ, ವೃದ್ಧಾಶ್ರಮ, ಆಸ್ಪತ್ರೆ, ಸೆರೆಮನೆಗಳಲ್ಲಿಯೂ ನಡೆಸುವ ಓದುಕೂಟಗಳಿಗೆ ಶುಲ್ಕವಿಲ್ಲ. ಮನೆಯಲ್ಲಿ ಪುಸ್ತಕ ಓದಿ ಮುಗಿಸಿ ಬರಬೇಕೆಂಬ ಕಟ್ಟಳೆಯೂ ಇಲ್ಲ. ಲಿವರ್‌ಪೂಲ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಬೋಧಿಸುತ್ತಿದ್ದ ಜೇನ್ ಡೇವಿಸ್ ಅವರು ಈ ಶತಮಾನದ ಆರಂಭದಲ್ಲಿ, ನದಿಯಾಚೆಯ ಬರ್ಕನ್‌ಹೆಡ್ ಪಟ್ಟಣದಲ್ಲಿ, ಕಾಲೇಜಿನ ಮೆಟ್ಟಿಲು ಹತ್ತದವರಿಗೂ ಒಳ್ಳೆಯ ಕಥೆ ದಕ್ಕಬೇಕೆಂದು ಈ ಕ್ರಮವನ್ನು ಆರಂಭಿಸಿದರು.

ಸುಮಾರು ಒಂದೂವರೆ ಗಂಟೆಯ ಕೂಟದ ನಡಾವಳಿ ಬಹಳ ಸರಳ. ತರಬೇತಿ ಪಡೆದ ಮುಂದಾಳೊಬ್ಬರು ಕಥೆಯ ಅಥವಾ ಕಾದಂಬರಿಯ ಒಂದು ಭಾಗವನ್ನು ನಿಧಾನವಾಗಿ, ಗಟ್ಟಿಯಾಗಿ ಓದುತ್ತಾರೆ. ಎಲ್ಲರ ಕೈಯಲ್ಲೂ ಅದರ ಪ್ರತಿ ಇರುತ್ತದೆ. ನಡುನಡುವೆ ಓದು ನಿಲ್ಲುತ್ತದೆ. ಮಾತಾಡಬೇಕೆನಿಸಿದವರು ಮಾತಾಡುತ್ತಾರೆ, ಸುಮ್ಮನಿರುವವರನ್ನು ಯಾರೂ ಕೆದಕುವುದಿಲ್ಲ. ಕೊನೆಗೆ ಸಾಮಾನ್ಯವಾಗಿ ಒಂದು ಕವಿತೆಯನ್ನೂ ಓದುತ್ತಾರೆ.

ಈ ಸೇವೆಯ ನಿಜವಾದ ಬೆಲೆ ಇರುವುದು ಆ ನಿಲುಗಡೆಗಳಲ್ಲಿ. ಮಗನ ಪತ್ರಕ್ಕೆ ಉತ್ತರ ಬರೆಯದ ತಂದೆಯೊಬ್ಬನ ಕಥೆ ಓದುತ್ತಿದ್ದಾಗ, ಆತ ಕಲ್ಲುಮನಸ್ಸಿನವನೆಂದು ನಮ್ಮಲ್ಲಿ ಹೆಚ್ಚಿನವರು ತೀರ್ಮಾನಿಸಿಬಿಟ್ಟಿದ್ದೆವು. ಅಲ್ಲಿಯವರೆಗೆ ಬಾಯಿ ತೆರೆಯದಿದ್ದ ಹಿರಿಯರೊಬ್ಬರು, ಆತನಿಗೆ ಸಿಟ್ಟಿಲ್ಲ, ನಾಚಿಕೆಯಿದೆ ಎಂದರು. ಮುಂದಾಳು ಅದು ಸರಿ ಎಂದಾಗಲಿ ತಪ್ಪು ಎಂದಾಗಲಿ ಹೇಳದೆ ಅದೇ ಪುಟವನ್ನು ಮತ್ತೊಮ್ಮೆ ಓದಿದರು. ಅದೇ ವಾಕ್ಯಗಳೊಳಗಿಂದ ಬೇರೊಬ್ಬ ಮನುಷ್ಯ ಎದ್ದು ಬಂದ. ಒಬ್ಬಳೇ ಓದಿದ್ದರೆ ನಾನು ಆ ತಂದೆಯ ಮೇಲೆ ತೀರ್ಪು ಕೊಟ್ಟು ಪುಟ ತಿರುಗಿಸುತ್ತಿದ್ದೆ. ನಾಲ್ಕು ಜನರ ನಡುವೆ ಕುಳಿತಿದ್ದರಿಂದ ಆ ತೀರ್ಪು ಸ್ವಲ್ಪ ಹೊತ್ತು ತಡೆದು ನಿಂತಿತು.

ಸಾಹಿತ್ಯ ಓದಿದರೆ ಪರರ ಮನಸ್ಸನ್ನು ಅರಿಯುವ ಶಕ್ತಿ ಹೆಚ್ಚುತ್ತದೆಂಬ ಮಾತು 2013ರಲ್ಲಿ ಬಹಳ ಪ್ರಚಾರ ಪಡೆಯಿತು. ನ್ಯೂಯಾರ್ಕಿನ ಇಬ್ಬರು ಸಂಶೋಧಕರು, ಕಿಡ್ ಮತ್ತು ಕಸ್ಟಾನೊ, ಸಾಹಿತ್ಯಕ ಕಥೆಯ ಒಂದು ಭಾಗವನ್ನು ಓದಿದವರು ಕಣ್ಣುಗಳ ಚಿತ್ರ ನೋಡಿ ಭಾವ ಗುರುತಿಸುವ ಪರೀಕ್ಷೆಯಲ್ಲಿ ಮುಂದಿದ್ದರೆಂದು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಹೆಚ್ಚು ಜನರನ್ನಿಟ್ಟು ಬೇರೆ ತಂಡಗಳು ಆ ಪ್ರಯೋಗವನ್ನು ಮಾಡಿದಾಗ ಅದೇ ಫಲ ದೊರೆಯಲಿಲ್ಲ. 2018ರಲ್ಲಿ 14 ಅಧ್ಯಯನಗಳನ್ನು ಒಟ್ಟಿಗೆ ಅಳೆದವರಿಗೆ ಕಥೆಯ ಓದಿನಿಂದ ಪ್ರಯೋಜನ ಕಂಡದ್ದು ನಿಜ, ಆದರೆ ಬಹಳ ಸಣ್ಣ ಪ್ರಮಾಣದಲ್ಲಿ. ಇದರಿಂದ ಸಾಹಿತ್ಯಕ್ಕೆ ಅವಮಾನವಾಯಿತೆಂದು ನಾನು ತಿಳಿಯುವುದಿಲ್ಲ. ಹತ್ತು ನಿಮಿಷ ಒಂಟಿಯಾಗಿ ಓದಿ ಒಡನೆಯೇ ಪರೀಕ್ಷೆಗೆ ಕೂರುವುದಕ್ಕೂ, ವಾರ ವಾರವೂ ಅದೇ ಪಾತ್ರಗಳ ಬಳಿಗೆ ಅದೇ ಜನರೊಂದಿಗೆ ಮರಳುವುದಕ್ಕೂ ಅಂತರವಿದೆ.

ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು ಈ ಎರಡನೆಯ ಬಗೆಯ ಓದನ್ನೇ ಪರಿಶೀಲಿಸಿದ್ದಾರೆ. ದೀರ್ಘಕಾಲದ ಮೈನೋವಿನಿಂದ ಬಳಲುವವರಿಗೆ ಓದುಕೂಟವನ್ನೂ, ಯೋಚನೆಯ ಕ್ರಮವನ್ನು ತಿದ್ದುವ ಮನೋಚಿಕಿತ್ಸೆಯನ್ನೂ ಹೋಲಿಸಿದ ಅವರ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯಲ್ಲಿ ಜನರು ನೋವಿನ ಕುರಿತೇ ಮಾತಾಡಿದರೆ, ಕಥೆಯ ಮುಂದೆ ಅವರು ಬಾಲ್ಯ, ದಾಂಪತ್ಯ, ದುಡಿಮೆ ಹೀಗೆ ಬದುಕಿನ ಎಲ್ಲ ಕಡೆಯಿಂದಲೂ ನೆನಪುಗಳನ್ನು ತೆಗೆದರಂತೆ. ಅಧ್ಯಯನಕ್ಕೆ ಒಳಪಟ್ಟವರು ಕೆಲವೇ ಜನರಾದ್ದರಿಂದ ಅದನ್ನು ಅಂತಿಮವೆಂದು ಹೇಳಲಾಗದು. ಆದರೂ ಕೂಟದಲ್ಲಿ ನಾನು ಕಂಡದ್ದಕ್ಕೆ ಅದು ಹೊಂದುತ್ತದೆ: ನಿಮ್ಮ ಕಷ್ಟವೇನೆಂದು ಕೇಳಿದರೆ ಹೇಳದವರು, ಪಾತ್ರದ ಕಷ್ಟವನ್ನು ವಿವರಿಸುತ್ತ ವಿವರಿಸುತ್ತ ತಮ್ಮದನ್ನೇ ಹೇಳಿರುತ್ತಾರೆ. ಹಾಗೆಂದು ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿರುವವರು ಅದನ್ನು ಬಿಟ್ಟು ಇಲ್ಲಿಗೆ ಬರಬಾರದು. ಇದು ವೈದ್ಯರಿಗೆ ಬದಲಿಯಲ್ಲ.

ಗಮಕ ಕೇಳಿ ಬೆಳೆದ ಕನ್ನಡಿಗರಿಗೆ ಈ ಪದ್ಧತಿ ಪೂರ್ತಿ ಹೊಸದೆನಿಸದು. ಕುಮಾರವ್ಯಾಸನ ಭಾರತವನ್ನು ಒಬ್ಬರು ವಾಚಿಸಿ, ಇನ್ನೊಬ್ಬರು ವ್ಯಾಖ್ಯಾನ ಮಾಡಿ, ಊರವರೆಲ್ಲ ಕುಳಿತು ಕೇಳುವ ಸಂಜೆಗಳಲ್ಲಿಯೂ ಓದೆಂಬುದು ಹತ್ತು ಜನರ ನಡುವಿನ ಕೆಲಸವೇ ಆಗಿತ್ತು. ಆದರೆ ಅಲ್ಲಿ ಅರ್ಥ ಹೇಳುವ ಅಧಿಕಾರ ವಿದ್ವಾಂಸರದು, ಇಲ್ಲಿ ಕೇಳುಗರದು. ಈ ಒಂದು ವ್ಯತ್ಯಾಸವೇ ಹಿಂಜರಿಯುವವರಿಗೆ ಧೈರ್ಯ ಕೊಡುತ್ತದೆ.

ವೇಗವಾಗಿ ಓದುವವರಿಗೆ, ಕಥೆಯ ಕೊನೆ ಬೇಗ ತಿಳಿಯಬೇಕೆನ್ನುವವರಿಗೆ ಇಲ್ಲಿನ ನಡಿಗೆ ಸಹನೆ ಪರೀಕ್ಷಿಸಬಹುದು. ನಾನು ಕಂಡ ಕೂಟಗಳಲ್ಲಿ ಓದು ಇಂಗ್ಲಿಷಿನಲ್ಲಿ ನಡೆಯುತ್ತದೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದು ಬ್ರಿಟನ್ನಿಗೆ ಬಂದು, ಚಳಿಗಾಲದ ಮಧ್ಯಾಹ್ನಗಳನ್ನು ಮನೆಯೊಳಗೆ ಒಂಟಿಯಾಗಿ ಕಳೆಯುವ ನಮ್ಮ ತಾಯಂದಿರಿಗೆ ಇದರ ಪ್ರಯೋಜನ ಎಷ್ಟು ಬೇಕಿದೆಯೋ ಅಷ್ಟೇ ದೂರದಲ್ಲಿದೆ. ಇಂಥ ಕೂಟಕ್ಕೆ ಬೇಕಾದದ್ದು ಒಂದು ಒಳ್ಳೆಯ ಸಣ್ಣಕಥೆ, ಅದರ ಹತ್ತು ಜೆರಾಕ್ಸ್ ಪ್ರತಿ, ಅವಸರವಿಲ್ಲದೆ ಓದಬಲ್ಲ ಒಬ್ಬರು. ಇಲ್ಲಿನ ಕನ್ನಡ ಸಂಘಗಳು ರಾಜ್ಯೋತ್ಸವದ ವೇದಿಕೆಯ ಜೊತೆಗೆ ತಿಂಗಳಿಗೊಂದು ಮಧ್ಯಾಹ್ನವನ್ನು ಇದಕ್ಕೆ ಕೊಡಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ಸೇರಬಯಸುವವರು ಸಂಸ್ಥೆಯ ಜಾಲತಾಣದಲ್ಲಿ ಹತ್ತಿರದ ಕೂಟವನ್ನು ಹುಡುಕಬಹುದು. ದೂರದಲ್ಲಿರುವವರಿಗೆ ಆನ್‌ಲೈನ್ ಕೂಟಗಳೂ ಇವೆ. ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾದರೆ, ಎದುರುಬದುರು ಕುಳಿತು ಓದುವ ಕೂಟಕ್ಕೇ ಹೋಗಿ.