ಮೊದಲೇ ಸ್ಟಾರ್ಟ್ ಮಾಡಿ ನಿಲ್ಲಿಸಿದ ಹಳೇ ಕಾರು ಕಂಡರೆ ಹುಷಾರು

14 ವರ್ಷದ ಹಳೇ ಪೆಟ್ರೋಲ್ ಕಾರೊಂದನ್ನು ತಗೊಂಡು ಬೇಸ್ತುಬಿದ್ದವನು ನಾನು. ಸೆಕೆಂಡ್ ಹ್ಯಾಂಡ್ ಕಾರು ನೋಡೋಕೆ ಹೊರಟಿರುವವರು ಇದನ್ನೊಮ್ಮೆ ಓದಿಕೊಂಡು ಹೋಗಿ.

ನಾನು ಹೋದಾಗ ಎಂಜಿನ್ ಓಡ್ತಾನೇ ಇತ್ತು. 'ನೀವು ಬರ್ತೀರಿ ಅಂತ ಎಸಿ ಹಾಕಿಟ್ಟಿದ್ದೆ ಸರ್' ಅಂದರು ಮಾರುವವರು. ನನಗದು ಉಪಚಾರದ ಹಾಗೆ ಕಾಣಿಸಿತು. ಒಂದು ಸುತ್ತು ಓಡಿಸಿದೆ. ಕ್ಲಚ್ಚು, ಬ್ರೇಕು, ಗೇರು ಎಲ್ಲಾ ಸರಿ ಇತ್ತು. ವಾಪಸ್ ಬಂದು ಆಫ್ ಮಾಡೋಕೆ ಕೈ ಹಾಕಿದರೆ 'ಇರಲಿ ಬಿಡಿ, ಇನ್ನೂ ಸ್ವಲ್ಪ ಎಂಜಿನ್ ಸೌಂಡು ಕೇಳಿ' ಅಂದರು. ಕಾರು ನಿಲ್ಲಿಸಿದ್ದ ಜಾಗ ಇಳಿಜಾರು, ಮೂತಿ ಕೆಳಮುಖ. ಅದು ಯಾಕೆ ಹಾಗೆ ನಿಂತಿತ್ತು ಅನ್ನೋದು ನನಗೆ ಹೊಳೆದಿದ್ದು ಎಷ್ಟೋ ತಿಂಗಳಾದ ಮೇಲೆ.

ಕಾರು ತಗೊಂಡ ಮೂರನೇ ವಾರ ತೊಂದರೆ ಶುರುವಾಯ್ತು. ಕೀ ತಿರುಗಿಸಿದರೆ ಒಂದೇ ಒಂದು 'ಟಕ್'. ಅಷ್ಟೇ, ಸೆಲ್ಫ್ ತಗೊಳ್ಳಲ್ಲ. ಮತ್ತೆ ತಿರುಗಿಸಿದರೆ ಮತ್ತೆ ಟಕ್. ನಾಲ್ಕನೇ ಸಲಕ್ಕೆ ಏನೂ ಆಗಿಲ್ಲವೇನೋ ಅನ್ನುವಂತೆ ಸ್ಟಾರ್ಟ್ ಆಗ್ತಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ: ಬ್ಯಾಟರಿ ಹೋಗಿದೆ. ನಾನೂ ಹೋಗಿ ಹೊಸದು ಹಾಕಿಸಿದೆ, ಹಳೇದನ್ನು ಅಲ್ಲೇ ಕೊಟ್ಟುಬಂದೆ. ಹತ್ತು ದಿನಕ್ಕೆ ಹೊಸ ಬ್ಯಾಟರಿ ಜೊತೆಗೇ ಅದೇ ಟಕ್.

ಇಲ್ಲಿ ನಾನು ಮಾಡಿದ ಪೆದ್ದುತನ ನೀವು ಮಾಡಬೇಡಿ. ಹೆಡ್‌ಲೈಟ್ ಹಾಕಿಕೊಂಡು ಕೀ ತಿರುಗಿಸಿ ನೋಡಿ. ಲೈಟು ಮಂಕಾಗಿ 'ಟಕಟಕಟಕ' ಅಂತ ಬೇಗಬೇಗ ಬಡಿದುಕೊಂಡರೆ ಬ್ಯಾಟರಿಗೆ ಶಕ್ತಿ ಸಾಲುತ್ತಿಲ್ಲ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ, ಕಿಲುಬು ಹಿಡಿದಿದೆ. ಲೈಟು ಚೂರೂ ಕುಗ್ಗದೆ ಒಂದೇ ಟಕ್ ಬಂದರೆ ಕರೆಂಟು ಸೆಲ್ಫ್ ಮೋಟರ್ ಒಳಗೆ ಹರಿಯುತ್ತಲೇ ಇಲ್ಲ ಅಂತ. ಸಣ್ಣ ಪೆಟ್ರೋಲ್ ಎಂಜಿನ್ ತಿರುಗಿಸೋಕೂ ಈ ಮೋಟರ್ ನೂರು ಆಂಪಿಯರ್‌ಗಿಂತ ಹೆಚ್ಚು ಎಳೆಯುತ್ತದೆ. ಅಷ್ಟು ಎಳೆದರೆ ಲೈಟು ಕುಗ್ಗಲೇಬೇಕು. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೇದು: ಎಂಜಿನ್ ಆಫ್ ಆಗಿ ಕೆಲ ಗಂಟೆ ನಿಂತ ಬ್ಯಾಟರಿ 12.6 ವೋಲ್ಟ್ ಸುಮಾರು ತೋರಿಸಿದರೆ ತುಂಬಿದೆ ಅಂತ ಅರ್ಥ. ಸೆಲ್ಫ್ ಹೊಡೆಯುವಾಗ ಅದು 9.6ಕ್ಕಿಂತ ಕೆಳಗೆ ಜಾರಿದರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಜಾರದೇ 12ರ ಮೇಲೇ ನಿಂತು ಬರೀ ಟಕ್ ಅಂದರೆ ತಪ್ಪು ಬ್ಯಾಟರಿಯದಲ್ಲ. ಮೋಟರ್, ಅದರ ಮೇಲಿನ ಸೊಲೆನಾಯ್ಡ್ (ಕೀ ತಿರುಗಿಸಿದಾಗ ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚು), ಅಲ್ಲಿಗೆ ಹೋಗುವ ದಪ್ಪ ಕೇಬಲ್, ಎಂಜಿನ್ನಿಂದ ಕಾರಿನ ಮೈಗೆ ಬರುವ ಅರ್ಥ್ ವೈರ್, ಇವುಗಳಲ್ಲಿ ಒಂದು. ಎರಡು ನಿಮಿಷದ ಈ ಕೆಲಸ ನಾನು ಮೊದಲೇ ಮಾಡಿದ್ದರೆ ಬ್ಯಾಟರಿ ದುಡ್ಡು ಉಳಿಯುತ್ತಿತ್ತು.

ಆಮೇಲೆ ಒಬ್ಬ ಮೆಕ್ಯಾನಿಕ್ ಒಂದು ಮಂತ್ರ ಹೇಳಿಕೊಟ್ಟ. ಒಬ್ಬರು ಕೀ ತಿರುಗಿಸಬೇಕು, ಇನ್ನೊಬ್ಬರು ಸೆಲ್ಫ್ ಮೋಟರ್ ಮೈಮೇಲೆ ಸ್ಪ್ಯಾನರಿನಲ್ಲಿ ಮೆಲ್ಲಗೆ ತಟ್ಟಬೇಕು. ಕೆಲಸ ಮಾಡ್ತು! ಒಳಗೆ ಕರೆಂಟು ದಾಟಿಸುವ, ಸವೆದು ಗಿಡ್ಡವಾದ ಕಾರ್ಬನ್ ಬ್ರಷ್ಷು ತಟ್ಟಿದ ಅದುರಿಗೆ ಮತ್ತೆ ಕಮ್ಯುಟೇಟರ್‌ಗೆ (ಮೋಟರಿನ ತಿರುಗುವ ಭಾಗದ ತಾಮ್ರದ ಪಟ್ಟಿಗಳಿಗೆ) ತಾಗುತ್ತದೆ, ಅಷ್ಟೇ ಗುಟ್ಟು. ಮನೆ ಸೇರೋಕೆ ಈ ಉಪಾಯ ಸರಿ. ನಾನು ಡಿಕ್ಕಿಯಲ್ಲಿ ಒಂದು ಕಬ್ಬಿಣದ ರಾಡು ಇಟ್ಟುಕೊಂಡು ಎರಡು ತಿಂಗಳು ಇದರಲ್ಲೇ ಸಂಸಾರ ಮಾಡಿದೆ. ಎಂಜಿನ್ ಬಿಸಿಯಾದಾಗ ತೊಂದರೆ ಜಾಸ್ತಿ, ಹಾಗಾಗಿ ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡೋಕೇ ಎದೆ ಢವಢವ.

ಒಂದು ಸಂಜೆ ಕೀ ತಿರುಗಿಸಿದೆ, ಎಂಜಿನ್ ಸ್ಟಾರ್ಟ್ ಆಯ್ತು, ಆದರೆ ಕೀ ಬಿಟ್ಟ ಮೇಲೂ 'ಕ್ರೀಂ...' ಅಂತ ಶಬ್ದ ನಿಲ್ಲಲಿಲ್ಲ. ಆಫ್ ಮಾಡಿ ಕೀ ಹೊರಗೆ ತೆಗೆದೆ. ಆಗಲೂ ಮೋಟರ್ ತಿರುಗ್ತಾನೇ ಇದೆ, ಗೇರಿನಲ್ಲಿದ್ದಿದ್ದರೆ ಕಾರೇ ಮುಂದೆ ಹೋಗಿಬಿಡ್ತಿತ್ತು. ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟು ಕಿಡಿ ಹಾರಿ ಹಾರಿ ಕೊನೆಗೆ ಅಂಟಿಕೊಂಡಿತ್ತು. ಬ್ಯಾಟರಿಯಿಂದ ಕರೆಂಟು ನೇರ ಬರುವಾಗ ಕೀ ತೆಗೆದು ಏನು ಪ್ರಯೋಜನ? ಬಾನೆಟ್ ಎತ್ತುವಷ್ಟರಲ್ಲಿ ಹೊಗೆ, ಸುಟ್ಟ ವಾರ್ನಿಷ್ ವಾಸನೆ. ನೆಗೆಟಿವ್ ಟರ್ಮಿನಲ್ ಬಿಚ್ಚೋಕೆ ಬೇಕಿದ್ದ 10ನೇ ನಂಬರ್ ಸ್ಪ್ಯಾನರು ನನ್ನ ಹತ್ತಿರ ಇರಲಿಲ್ಲ. ರಾಡು ಇತ್ತು, ನೋಡಿ! ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದವರು ಇಕ್ಕಳ ಕೊಟ್ಟು ಪುಣ್ಯ ಕಟ್ಟಿಕೊಂಡರು.

ಬಿಚ್ಚಿಸಿದಾಗ ಒಳಗಿನ ಬಂಡವಾಳ ಬಯಲಾಯ್ತು. ಮೋಟರ್ ಸ್ಕ್ರೂಗಳ ತಲೆ ಆಗಲೇ ಕೆತ್ತಿಹೋಗಿತ್ತು, ಅಂದರೆ ಇದನ್ನು ಮೊದಲೇ ಯಾರೋ ಬಿಚ್ಚಿ ತೇಪೆ ಹಾಕಿದ್ದರು. ಮೇಲಿನ ಗ್ಯಾಸ್ಕೆಟ್ ಸೋರಿ ಆಯಿಲ್ ಮೋಟರ್ ಮೇಲೇ ತೊಟ್ಟಿಕ್ಕುತ್ತಿತ್ತು. ಹೊಸ ಮೋಟರ್ ಹಾಕಿ ಸೋರಿಕೆ ಬಿಟ್ಟರೆ ಅದೂ ಹಾಳು ಅನ್ನೋದನ್ನು ಮೆಕ್ಯಾನಿಕ್ ತಾನಾಗಿ ಹೇಳಲಿಲ್ಲ, ನಾನೇ ಕೇಳಿ ಎರಡನ್ನೂ ಮಾಡಿಸಬೇಕಾಯ್ತು. ಅದಕ್ಕಿಂತ ದೊಡ್ಡ ಪೆಟ್ಟು ಫ್ಲೈವೀಲಿನ ಸುತ್ತ ಇರುವ ರಿಂಗ್ ಗೇರಿನದು, ಸೆಲ್ಫ್ ಮೋಟರ್ ಎಂಜಿನ್ ತಿರುಗಿಸೋದು ಇದರ ಹಲ್ಲು ಹಿಡಿದೇ. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆದಾಗ ಸಾಮಾನ್ಯವಾಗಿ ಎರಡೇ ಜಾಗದಲ್ಲಿ ಬಂದು ನಿಲ್ಲುತ್ತದೆ, ಹಾಗಾಗಿ ಹಲ್ಲು ಸವೆಯೋದೂ ಆ ಎರಡು ಜಾಗದಲ್ಲೇ. ಆಗೊಮ್ಮೆ ಈಗೊಮ್ಮೆ ಕೇಳಿದ್ದ 'ಗರ್ರ್' ಅನ್ನೋ ಶಬ್ದ ಅದೇ. ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮೋಟರ್ ಬದಲಿಸೋದು ಅರ್ಧ ದಿನದ ಕೆಲಸ, ರಿಂಗ್ ಗೇರ್ ಅಂದರೆ ಗೇರ್‌ಬಾಕ್ಸೇ ಇಳಿಸಬೇಕು.

ಕಾರು ನೋಡೋಕೆ ಹೋಗುವವರು ಬಾನೆಟ್ ಮೇಲೆ ಮೊದಲು ಕೈ ಇಡಿ. ಬೆಚ್ಚಗಿದ್ದರೆ 'ಇನ್ನೊಂದು ದಿನ ಬರ್ತೀನಿ, ಸ್ಟಾರ್ಟ್ ಮಾಡದೇ ಇಟ್ಟಿರಿ' ಅನ್ನಿ. ತಣ್ಣಗಿದ್ದಾಗ ಒಮ್ಮೆ, ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಐದಾರು ಸಲ, ಆಫ್ ಮಾಡಿ ಆನ್ ಮಾಡಿ, ಅದೂ ಸಮತಟ್ಟು ಜಾಗದಲ್ಲಿ. ಮಾರುವವರು ಮುಖ ಗಂಟಿಕ್ಕಿಕೊಂಡರೆ ಗಂಟಿಕ್ಕಿಕೊಳ್ಳಲಿ.

ಆಗಲೇ ತಗೊಂಡು ಟಕ್ ಕೇಳಿಸಿಕೊಳ್ತಿರುವವರು ರಿಪೇರಿ ಆಗುವತನಕ ಬ್ಯಾಟರಿ ಟರ್ಮಿನಲ್‌ಗೆ ಹೊಂದುವ ಸ್ಪ್ಯಾನರನ್ನು ಸೀಟಿನ ಪಕ್ಕ ಇಟ್ಟುಕೊಳ್ಳಿ. ಒಂದೇ ಸಮನೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ಮೋಟರ್ ಆರೋಕೆ ಬಿಡಿ. ಮ್ಯಾನ್ಯುವಲ್ ಗೇರಿದ್ದರೆ ಎರಡನೇ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದು (ನನಗೆ ಮಾರಿದವರು ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದ ಗುಟ್ಟು ಇದೇ), ಆಟೋಮ್ಯಾಟಿಕ್ಕಿಗೆ ಆ ದಾರಿ ಇಲ್ಲ. ಸ್ಕ್ರೂಡ್ರೈವರಿನಲ್ಲಿ ಸೊಲೆನಾಯ್ಡ್ ಶಾರ್ಟ್ ಮಾಡಿ ತೋರಿಸ್ತೀನಿ ಅಂತ ಯಾರಾದರೂ ಬಂದರೆ, ಗೇರು ನ್ಯೂಟ್ರಲ್ಲಿನಲ್ಲಿ ಇದೆಯಾ, ಹ್ಯಾಂಡ್‌ಬ್ರೇಕ್ ಎಳೆದಿದೆಯಾ ನೋಡದೆ ಬಾನೆಟ್ ಮುಂದೆ ನಿಲ್ಲೋಕೂ ಬಿಡಬೇಡಿ.